ರವಿವಾರದ ಗುಜರಾತಿ ಪಾಠ

ಗುಜರಾತಿಯಲ್ಲಿ ತಾಯಿಯನ್ನೂ ಅಜ್ಜಿಯನ್ನೂ 'ಬಾ' ಎಂದು ಕರೆಯುವುದುಂಟು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ, ನಾನು ಚಿಕ್ಕವಳಿದ್ದಾಗ, ಮಾಳಿಗೆಯ ಮೇಲಿಂದ ಅಜ್ಜಿಯನ್ನು 'ಬಾ, ಬಾ' ಎಂದು ಕೂಗಿದರೆ ಅಂಗಳದಲ್ಲಿ ಆಡುತ್ತಿದ್ದ ನೆರೆಮನೆಯ ಹುಡುಗಿಯರು ತಮ್ಮನ್ನೇ ಕರೆದರೆಂದು ಭಾವಿಸಿ ಮೆಟ್ಟಿಲೇರಿ ಬಂದುಬಿಡುತ್ತಿದ್ದರು. ಬಂದವರಿಗೆ ಅಜ್ಜಿ ಏನಾದರೂ ತಿನ್ನಲು ಕೊಡುತ್ತಿದ್ದಳು. ಹಾಗಾಗಿ ಆ ತಪ್ಪು ತಿಳಿವಳಿಕೆಯನ್ನು ತಿದ್ದಬೇಕೆಂದು ಯಾರಿಗೂ ಅನಿಸಲಿಲ್ಲ. ಎರಡು ಭಾಷೆಗಳ ನಡುವೆ ಬೆಳೆದ ನನಗೆ ಭಾಷೆಯ ವಿಷಯದಲ್ಲಿ ನೆನಪಿರುವ ಮೊದಲ ಪಾಠ ಇದೇ.

ನಮ್ಮ ಮನೆಮಾತು ಗುಜರಾತಿ. ನಾನು ಓದು ಬರಹ ಕಲಿತದ್ದು ಕನ್ನಡದಲ್ಲಿ. ತಂದೆಯವರದು ಬಟ್ಟೆಯ ಅಂಗಡಿ. ನನಗೆ ಹತ್ತು ವರ್ಷವಾದಾಗ ಅಜ್ಜಿ ನಮ್ಮ ದೊಡ್ಡಪ್ಪನವರಲ್ಲಿಗೆ, ಭಾವನಗರಕ್ಕೆ ಹೋಗಿ ನೆಲೆಸಿದಳು. ಅಲ್ಲಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ತಂದೆಯವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ನಾವು ಸುತ್ತ ಕುಳಿತು ಕೇಳುತ್ತಿದ್ದೆವು. ಗುಜರಾತಿ ನನಗೆ ಕಿವಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿತ್ತು. ಕಣ್ಣಿಗೂ ಕೈಗೂ ಬರುತ್ತಿರಲಿಲ್ಲ. ಅದೊಂದು ಕೊರತೆ ಎಂದು ಆಗ ತೋರಲೂ ಇಲ್ಲ.

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದ ಮೇಲೆ, ತಂದೆಯವರೂ ಹೋದ ಮೇಲೆ, ಅವರ ಪೆಟ್ಟಿಗೆಯಲ್ಲಿ ಆ ಕಾರ್ಡುಗಳ ಕಟ್ಟು ಸಿಕ್ಕಿತು. ಆಗ ನನಗೆ ನಲವತ್ತು ದಾಟಿತ್ತು. ಒಂದು ಮಕ್ಕಳ ಓದುಪುಸ್ತಕವನ್ನು ತರಿಸಿಕೊಂಡು, ರಾತ್ರಿ ಅಡಿಗೆಮನೆಯ ಕೆಲಸ ಮುಗಿದ ಬಳಿಕ ಅಕ್ಷರಗಳನ್ನು ಒಂದೊಂದಾಗಿ ಕಲಿತೆ. ಮೂರು ತಿಂಗಳಿಗೆ ಮೊದಲನೆಯ ಕಾರ್ಡನ್ನು ಓದಿದೆ. ಉಪ್ಪಿನಕಾಯಿ, ಮೊಣಕಾಲು ನೋವು, ಮಳೆ ಬಾರದ್ದು, ಎಲ್ಲವೂ ನಾನು ಕೇಳಿದ್ದ ಮಾತುಗಳೇ. ಆದರೆ ಅನೇಕ ಕಾರ್ಡುಗಳ ಕೊನೆಯಲ್ಲಿ ನಾನು ಎಂದೂ ಕೇಳಿರದ ಒಂದು ಮಾತಿತ್ತು: ಹುಡುಗಿ ತನ್ನ ಕೈಯಿಂದಲೇ ಎರಡು ಸಾಲು ಬರೆಯಲಿ, ಎಂದು. ತಂದೆಯವರು ಅದನ್ನು ಓದದೆ ಬಿಟ್ಟಿದ್ದರು. ನನಗೆ ಬರೆಯಲು ಬಾರದೆಂದು ಅವರಿಗೆ ಗೊತ್ತಿತ್ತು. ಕಲಿಸಲು ಅವರಿಗೆ ಬಿಡುವಿರಲಿಲ್ಲ. ಮಗಳನ್ನು ನೋಯಿಸಲು ಮನಸ್ಸಿರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಆದರೆ ಮುಂದಿನ ವರ್ಷ, ನಮ್ಮ ಸಮಾಜದ ಕೆಲವರು ಮಕ್ಕಳಿಗೆ ರವಿವಾರ ಗುಜರಾತಿ ಕಲಿಸುವಿರಾ ಎಂದು ಕೇಳಿದಾಗ, ಇಲ್ಲವೆನ್ನಲು ನನ್ನಿಂದ ಆಗಲಿಲ್ಲ.

ಇಪ್ಪತ್ತು ಮಕ್ಕಳು, ಒಂದು ಜಮಖಾನೆ, ಒಂದು ಕರಿಹಲಗೆ, ಹತ್ತರಿಂದ ಹನ್ನೊಂದೂವರೆಯವರೆಗೆ ಪಾಠ. ಮಕ್ಕಳು ನನ್ನನ್ನು 'ಬೆನ್' ಎನ್ನುತ್ತಾರೆ. ಅಕ್ಕ, ತಂಗಿ ಎಂಬರ್ಥದ ಆ ಮಾತು ಗುಜರಾತಿನಲ್ಲಿ ಶಿಕ್ಷಕಿಗೂ ಸಲ್ಲುತ್ತದೆ. ಮೊದಲ ವರ್ಷ ನಾನು ಮಾಡಿದ್ದು ತಪ್ಪು ಕೆಲಸ. 'ಕಕ್ಕೋ', ಅಂದರೆ ವರ್ಣಮಾಲೆ, ಆಮೇಲೆ 'ಬಾರಾಖಡೀ', ಅಂದರೆ ನಮ್ಮ ಕಾಗುಣಿತ. ಇವೆರಡನ್ನೇ ಬಾಯಿಪಾಠ ಮಾಡಿಸುತ್ತ ಹೋದೆ. ಹಿಂದೆ ಗುಜರಾತಿನ ಹಳ್ಳಿಗಳಲ್ಲಿ 'ಧೂಳೀ ನಿಶಾಳ್' ಎಂಬ ಶಾಲೆಗಳಿದ್ದವು. ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ನಮ್ಮ ಕೂಲಿಮಠಗಳಲ್ಲಿ ಮರಳಿನ ಮೇಲೆ ಬರೆಸುತ್ತಿದ್ದಂತೆ. ಆ ಕ್ರಮವನ್ನೇ ನಾನು ಧೂಳಿಲ್ಲದೆ ಮುಂದುವರಿಸಿದ್ದೆ. ದೀಪಾವಳಿ ಬರುವ ಹೊತ್ತಿಗೆ ಇಪ್ಪತ್ತು ಮಕ್ಕಳು ಒಂಬತ್ತಾದರು. ವಾರದ ಆರು ದಿನ ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗು ಏಳನೆಯ ದಿನವೂ ಅದನ್ನೇ ಮಾಡಲು ಏಕೆ ಬರಬೇಕು?

ಮರುವರ್ಷ ಬೇರೆ ದಾರಿ ಹಿಡಿದೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಎಂಬ ಶಿಕ್ಷಣತಜ್ಞರು, ವಕೀಲಿ ಬಿಟ್ಟು ಮಕ್ಕಳ ಕೆಲಸಕ್ಕೆ ನಿಂತವರು, ಮಕ್ಕಳಿಗೆ ಮೊದಲು ಕಥೆ ಕೊಡಿ, ಉಳಿದದ್ದು ಅದರ ಬೆನ್ನಿಗೆ ಬರುತ್ತದೆ ಎಂಬುದನ್ನು ತಮ್ಮ ಕೆಲಸದಿಂದ ತೋರಿಸಿದರು. ಅವರು 1939ರಲ್ಲಿ ತೀರಿಕೊಂಡರು. ಅವರ ಕಥೆಗಳು ಮಕ್ಕಳ ಬಾಯಲ್ಲಿ ಉಳಿದವು. ನಾನೂ ಮೊದಲು ಕಥೆ ಹೇಳತೊಡಗಿದೆ. ಕಥೆಯಲ್ಲಿ ಕಾಗೆ ಬಂದರೆ ಕಾಗೆಯ 'ಕ', ಮನೆ ಬಂದರೆ 'ಘರ್'ನ 'ಘ'. ಬಿಟ್ಟುಹೋದವರಲ್ಲಿ ಹಲವರು ಮರಳಿದರು.

ಕನ್ನಡ ಬಲ್ಲ ಮಗುವಿಗೆ ಗುಜರಾತಿ ಅಕ್ಷರ ಕಲಿಯುವುದು ಕಷ್ಟವಲ್ಲ. ಕ, ಖ, ಗ, ಘ ಎಂಬ ಸಾಲು ಅದೇ, ವರ್ಗಗಳು ಅವೇ. ಲಿಪಿ ನಾಗರಿಯ ತಂಗಿ, ಆದರೆ ತಲೆಯ ಮೇಲಿನ ಗೆರೆಯಿಲ್ಲ. ವ್ಯಾಪಾರಿಗಳು ಲೆಕ್ಕಪತ್ರಗಳಲ್ಲಿ ವೇಗವಾಗಿ ಬರೆಯುತ್ತ ರೂಢಿಸಿದ ಬರವಣಿಗೆ ಇದು. ಗೆರೆ ಎಳೆಯುತ್ತ ಕೂಡಲು ಅಂಗಡಿಕಾರನಿಗೆಲ್ಲಿ ಪುರಸೊತ್ತು! ಆ ಅಂಗಡಿಯ ಅಕ್ಷರವೇ ಮುಂದೆ ಅಚ್ಚಿನ ಅಕ್ಷರವಾಯಿತು. ಫರ್ದೂನ್‌ಜಿ ಮರ್ಜ್‌ಬಾನ್ 1822ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ 'ಮುಂಬಯಿ ಸಮಾಚಾರ್' ಪತ್ರಿಕೆ ಆ ಲಿಪಿಯಲ್ಲಿ ಇಂದಿಗೂ ಹೊರಡುತ್ತಿದೆ. ಹಿಂದಿ ಕಲಿತ ಮಕ್ಕಳು ಅಭ್ಯಾಸಬಲದಿಂದ ತಲೆಗೆರೆ ಎಳೆದುಬಿಡುತ್ತಾರೆ. "ಮಾಡು ತೆಗೆಯಿರಿ, ಬೆಳಕು ಬರಲಿ" ಎನ್ನುತ್ತೇನೆ.

ಗುಜರಾತಿಯ 'ರ' ಅಕ್ಷರವೂ ಎರಡರ ಅಂಕಿಯೂ ನೋಟಕ್ಕೆ ಹೆಚ್ಚು ಕಡಿಮೆ ಒಂದೇ; 'ಪ'ಕಾರವೂ ಐದರ ಅಂಕಿಯೂ ಹಾಗೆಯೇ. ಒಬ್ಬ ಹುಡುಗ ಮನೆಯ ನಂಬರನ್ನು ಓದೆಂದರೆ 'ಪರ' ಎಂದು ಓದಿದ, ಅದು ಐವತ್ತೆರಡು. ಕನ್ನಡದ ಮಕ್ಕಳು ಮಾಡುವ ಇನ್ನೊಂದು ತಪ್ಪು ಬೇರೆ ಬಗೆಯದು. ನಮ್ಮ ಕನ್ನಡದಲ್ಲಿ ಬರೆದ ಅಕ್ಷರವನ್ನೆಲ್ಲ ಉಚ್ಚರಿಸುವುದು ಧರ್ಮ. ಗುಜರಾತಿಯಲ್ಲಿ ಪದದ ಕೊನೆಯ ಅಕಾರ ಬಾಯಲ್ಲಿ ಕರಗಿಹೋಗುತ್ತದೆ. 'ಘರ' ಎಂದು ಬರೆದು 'ಘರ್' ಎನ್ನಬೇಕು. ಮಕ್ಕಳು 'ಘರ' ಎಂದೇ ಸ್ವಚ್ಛವಾಗಿ ಓದುತ್ತಾರೆ. ಆದರೆ ಅವರಿಗೊಂದು ಸಮಾಧಾನವೂ ಇದೆ. ಹಿಂದಿಯ ಪಾಠದಲ್ಲಿ ಕಾಣದ 'ಳ'ಕಾರ ಗುಜರಾತಿಯಲ್ಲಿದೆ. ಕಮಲಕ್ಕೆ ಗುಜರಾತಿಯಲ್ಲಿ 'ಕಮಳ್'. ಮಕ್ಕಳು ಅದನ್ನು ಹಳೆಯ ಗೆಳೆಯನನ್ನು ಕಂಡಂತೆ ಎದುರುಗೊಳ್ಳುತ್ತಾರೆ.

ಲಿಪಿಯಿಂದ ಕಲಿಯಲಾಗದ ಸಂಗತಿಗಳೂ ಇವೆ. ಬೆಲ್ಲಕ್ಕೂ ದುಂಡಗಿನದಕ್ಕೂ ಬರವಣಿಗೆಯಲ್ಲಿ ಒಂದೇ ರೂಪ: 'ಗೋಳ್'. ಬಾಯಿ ತೆರೆಯುವ ಅಳತೆಯಲ್ಲಿ ಮಾತ್ರ ವ್ಯತ್ಯಾಸ. ಅದನ್ನು ಯಾವ ಪುಸ್ತಕವೂ ಕೇಳಿಸಲಾರದು. ಮನೆಯಲ್ಲಿ ಒಬ್ಬ ಹಿರಿಯರಿರಬೇಕು. ಕೆಲವು ಸೀಮೆಗಳ ಆಡುಮಾತಿನಲ್ಲಿ 'ಸ'ಕಾರ 'ಹ'ಕಾರವಾಗುತ್ತದೆ. 'ಸಾರುಂ' ಎಂಬುದು 'ಹಾರುಂ' ಆಗುತ್ತದೆ. ಮನೆಯಲ್ಲಿ ಅಜ್ಜ ಹೇಳುವುದು ಒಂದು, ಪುಸ್ತಕ ಹೇಳುವುದು ಇನ್ನೊಂದು ಎಂದು ಮಗು ಗೊಂದಲಕ್ಕೆ ಬೀಳುತ್ತದೆ. ಹಳಗನ್ನಡದ 'ಪಾಲು' ಹೊಸಗನ್ನಡದಲ್ಲಿ 'ಹಾಲು' ಆದದ್ದನ್ನು ನೆನಪಿಸಿ, ಅಜ್ಜನದು ತಪ್ಪಲ್ಲ ಎಂದು ನಾನು ಹೇಳುತ್ತೇನೆ. ಮಕ್ಕಳಲ್ಲಿ ಕೆಲವರು ಕಚ್ಛದ ಮನೆಗಳವರು. ಅವರ ಮನೆಮಾತು ಕಚ್ಛೀ. ಅದು ಸಿಂಧಿಗೆ ಹತ್ತಿರದ ಭಾಷೆ. ಅವರಿಗೆ ಗುಜರಾತಿಯೂ ಕಲಿತ ಭಾಷೆಯೇ. ಹೊರಗಿನವರು 'ಗುಜರಾತಿಗಳು' ಎಂದು ಒಂದೇ ಮಾತಿನಲ್ಲಿ ಮುಗಿಸುವ ಕಡೆ ಒಳಗೆ ಇಷ್ಟೊಂದು ಕೋಣೆಗಳಿರುತ್ತವೆ.

'ಸಾರುಂ' ಎಂದರೆ 'ಒಳ್ಳೆಯದು'. ಮೊದಲ ಸಲ ಕೇಳಿದಾಗ ಹುಬ್ಬಳ್ಳಿಯ ಮಕ್ಕಳು ನಗದೆ ಇರುವುದಿಲ್ಲ. ಅವರ ಕಣ್ಣ ಮುಂದೆ ಬರುವುದು ಅನ್ನದ ಮೇಲಿನ ಸಾರು. ಆ ನಗುವಿನ ಬೆನ್ನಿಗೇ ನಾನು ವ್ಯಾಕರಣ ತರುತ್ತೇನೆ. ಹುಡುಗ 'ಸಾರೋ', ಹುಡುಗಿ 'ಸಾರೀ', ಮನೆ 'ಸಾರುಂ'. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ; ಬಾಗಿಲೂ ಕಿಟಕಿಯೂ 'ಅದು'. ಗುಜರಾತಿಯಲ್ಲಿ ಬಾಗಿಲು, 'ದರವಾಜೋ', ಗಂಡು. ಕಿಟಕಿ, 'ಬಾರೀ', ಹೆಣ್ಣು. ಎರಡನ್ನೂ ಹೊತ್ತ ಮನೆ ನಪುಂಸಕ. ಏಕೆ ಎಂದು ಮಕ್ಕಳು ಕೇಳುತ್ತಾರೆ. ಏಕೆಂಬುದಕ್ಕೆ ಉತ್ತರವಿಲ್ಲ, ರೂಢಿಯೊಂದೇ ಉತ್ತರ. ಇನ್ನೂ ವಿಚಿತ್ರವೆಂದರೆ ಭೂತಕಾಲ. ಕನ್ನಡದಲ್ಲಿ ತಿಂದವರು ಯಾರೆಂಬುದನ್ನು ಕ್ರಿಯಾಪದ ಹೇಳುತ್ತದೆ: ತಿಂದನು, ತಿಂದಳು. ಗುಜರಾತಿಯಲ್ಲಿ ಅದು ತಿಂದದ್ದೇನೆಂಬುದರ ಕಡೆ ತಿರುಗುತ್ತದೆ. ರೊಟ್ಟಿ ಹೆಣ್ಣಾದ್ದರಿಂದ 'ಖಾಧೀ', ಅನ್ನ ಗಂಡಾದ್ದರಿಂದ 'ಖಾಧೋ', ಪಲ್ಯ ನಪುಂಸಕವಾದ್ದರಿಂದ 'ಖಾಧುಂ'. ತಿಂದವನು ಅಣ್ಣನೋ ತಂಗಿಯೋ ಕ್ರಿಯಾಪದಕ್ಕೆ ಲೆಕ್ಕವಿಲ್ಲ. ಇದನ್ನು ಕರಿಹಲಗೆಯ ಮೇಲೆ ವಿವರಿಸಿ ಸೋತ ನಾನು, ಒಂದು ರವಿವಾರ ಮಕ್ಕಳಿಗೆಲ್ಲ ಬುತ್ತಿ ತರಲು ಹೇಳಿದೆ. ತಿಂದವರು ತಿಂದದ್ದನ್ನು ಹೇಳಬೇಕು. ಆ ದಿನ ಕಲಿತದ್ದನ್ನು ಅವರು ಮರೆತಿಲ್ಲ.

ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ನೆರೆಯ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು: "ಯಾಕ್ರಿ ಅಕ್ಕಾರ, ಹುಬ್ಬಳ್ಳ್ಯಾಗ ಇದ್ದು ಗುಜರಾತಿ ಕಲ್ತು ಏನ್ ಮಾಡ್ತಾರ ಹುಡುಗ್ರು? ಕನ್ನಡಾ ಚಂದಂಗೆ ಕಲೀಲಿ." ಅವರ ಮಾತಿನಲ್ಲಿ ಕಹಿಯಿರಲಿಲ್ಲ, ನ್ಯಾಯವಿತ್ತು. ನಾನು ಅವರಿಗೆ ಹೇಳಿದ್ದು ಇದು: ಕನ್ನಡ ಚೆನ್ನಾಗಿ ಬರುವ ಮಕ್ಕಳೇ ನನ್ನ ತರಗತಿಯಲ್ಲಿ ಗುಜರಾತಿಯನ್ನು ಬೇಗ ಕಲಿಯುತ್ತಾರೆ. ಕಾಗುಣಿತ ಬಲ್ಲವನಿಗೆ ಬಾರಾಖಡೀ ಹೊಸದಲ್ಲ. ತೊಡಕಾಗುವುದು ಮನೆಯಲ್ಲಿ ಅರ್ಧ ಹಿಂದಿ, ಅರ್ಧ ಇಂಗ್ಲಿಷು ಆಡುತ್ತ ಯಾವುದನ್ನೂ ಪೂರ್ತಿ ಆಡದ ಮಗುವಿಗೆ. ಕನ್ನಡವನ್ನು ನಾವು ಕಳೆದುಕೊಳ್ಳುವುದೂ ಗುಜರಾತಿಯನ್ನು ಕಳೆದುಕೊಳ್ಳುವುದೂ ಒಂದೇ ಬಾಗಿಲಿನಿಂದ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆದರೆ ಒಂದು ಊರಿನ ಹತ್ತು ಶಾಲೆಗಳಲ್ಲಿ ಒಬ್ಬಿಬ್ಬರಂತೆ ಚದುರಿದ ಮಕ್ಕಳಿಗೆ ಯಾವ ಶಾಲೆಯೂ ಒಬ್ಬ ಶಿಕ್ಷಕರನ್ನು ನೇಮಿಸಲಾರದು. ಆ ಕೆಲಸಕ್ಕೆ ರವಿವಾರವೇ ಗತಿ, ಜಮಖಾನೆಯೇ ಗತಿ.

ಇದು ನಮ್ಮೊಬ್ಬರ ಕಥೆಯಲ್ಲ. 1972ರಲ್ಲಿ ಇದಿ ಅಮೀನ್ ಯುಗಾಂಡದ ಏಷ್ಯನರಿಗೆ 90 ದಿನಗಳ ಗಡುವು ಕೊಟ್ಟು ಹೊರಡಿಸಿದಾಗ, ಇಂಗ್ಲೆಂಡಿಗೆ ಹೋದವರಲ್ಲಿ ಗುಜರಾತಿಗಳು ಬಹುಮಂದಿ. ತಮ್ಮಲ್ಲಿಗೆ ಬರಬೇಡಿರೆಂದು ಲೆಸ್ಟರ್ ನಗರಸಭೆ ಯುಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಜನ ಅಲ್ಲಿಗೇ ಹೋಗಿ ನೆಲೆಸಿದರು, ಮಕ್ಕಳಿಗೆ ವಾರದ ಕೊನೆಯಲ್ಲಿ ಗುಜರಾತಿ ಪಾಠ ತೆರೆದರು. ಆ ದೇಶದಲ್ಲಿ ಶಾಲಾ ಹಂತದ ಗುಜರಾತಿ ಪರೀಕ್ಷೆ ನಿಲ್ಲುವ ಸ್ಥಿತಿ 2015ರಲ್ಲಿ ಬಂದಿತ್ತು. ಆಕ್ಷೇಪಗಳು ಎದ್ದ ಮೇಲೆ ಉಳಿಯಿತು. ಅಮೆರಿಕದಲ್ಲಿ ನಮ್ಮ ಕನ್ನಡಿಗರು ಮಕ್ಕಳಿಗೆ ರಜಾದಿನಗಳಲ್ಲಿ ಕನ್ನಡ ಕಲಿಸುವುದನ್ನು ಕೇಳುಗರು ಬಲ್ಲಿರಿ. 2011ರ ಜನಗಣತಿಯಲ್ಲಿ ಗುಜರಾತಿ ಮಾತನಾಡುವವರ ಸಂಖ್ಯೆ 5.5 ಕೋಟಿ. ಭಾಷೆ ಸಾಯುವ ಭಯವಿಲ್ಲ. ಒಂದು ಮನೆಯಲ್ಲಿ ಅದು ನಿಂತುಹೋಗುವುದಕ್ಕೆ ಮಾತ್ರ ಒಂದೇ ತಲೆಮಾರು ಸಾಕು.

ಒಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ಕನ್ನಡದಲ್ಲಿ 'ನಾವು' ಒಂದೇ. ಗುಜರಾತಿಯಲ್ಲಿ ಎರಡು. ಕೇಳುತ್ತಿರುವವರನ್ನು ಬಿಟ್ಟು ಹೇಳಿದರೆ 'ಅಮೇ', ಸೇರಿಸಿಕೊಂಡು ಹೇಳಿದರೆ 'ಆಪಣೇ'. ತರಗತಿಗೆ ಒಬ್ಬ ಹುಡುಗಿಯ ಜೊತೆಗೆ ನೆರೆಮನೆಯ ಕನ್ನಡದ ಹುಡುಗಿಯೊಬ್ಬಳು ಸುಮ್ಮನೆ ಬಂದು ಕೂಡುತ್ತಿದ್ದಳು. ಪಕ್ಕದವರ ಕಡೆ ತಿರುಗಿ, ದೀಪಾವಳಿಗೆ ನಾವು ಏನು ಮಾಡುತ್ತೇವೆ ಎಂಬುದನ್ನು ಹೇಳಿರಿ ಎಂದೆ. ನಮ್ಮ ಹುಡುಗಿ ಗೆಳತಿಯ ಕಡೆ ತಿರುಗಿ, "ದಿವಾಳೀಮಾಂ ಆಪಣೇ ರಂಗೋಳೀ ಪೂರೀಏ ಛೀಏ" ಎಂದಳು. ನಾನು ತಿದ್ದಿದೆ. ಗೆಳತಿ ನಮ್ಮವಳಲ್ಲ, ಇಲ್ಲಿ 'ಅಮೇ' ಎನ್ನಬೇಕು ಎಂದೆ. ಹುಡುಗಿ ನನ್ನನ್ನೇ ನೋಡಿ, "ಅಲ್ರಿ ಬೆನ್, ಇಕೀನೂ ನಮ್ಮ ಬಾಗಲ ಮುಂದ ರಂಗೋಲಿ ಹಾಕ್ತಾಳಲ್ರಿ" ಎಂದಳು. ಅವಳ ವ್ಯಾಕರಣ ಸರಿಯಾಗಿತ್ತು. ತಪ್ಪು ನನ್ನದು; ಎರಡು 'ನಾವು'ಗಳ ನಡುವಿನ ಗೆರೆಯನ್ನು ನಾನು ಜಾತಿಭಾಷೆಗಳ ಮೇಲೆ ಎಳೆದಿದ್ದೆ, ಭಾಷೆ ಹಾಗೆ ಎಳೆದಿರಲಿಲ್ಲ. ಹಲಗೆಯ ಮೇಲಿನದನ್ನು ಒರಸಿ, ಅವಳ ವಾಕ್ಯವನ್ನೇ ಬರೆದೆ.

ಅದೇ ದೀಪಾವಳಿಯಲ್ಲಿ ಆ ಹುಡುಗಿ ರಾಜಕೋಟದಲ್ಲಿರುವ ತನ್ನ ಬಾಗೆ ಒಂದು ಕಾಗದ ಬರೆದಳು. ಎರಡೇ ಸಾಲು. ಒಂದು ಕಡೆ ಕಿಟಕಿಯನ್ನು ಗಂಡು ಮಾಡಿದ್ದಳು. ತಿದ್ದಲೇ ಎಂದು ಕೇಳಿದಳು. ಬೇಡ, ಹಾಗೆಯೇ ಕಳಿಸು, ಆದರೆ ವಿಳಾಸವನ್ನು ಮಾತ್ರ ಸರಿಯಾಗಿ ಬರೆ ಎಂದೆ.