ಪಾರ್ಶ್ವವಾಯು ಪೀಡಿತರೂ ಸರಕಾರದ ಹೊಣೆಯೂ

ಪಾರ್ಶ್ವವಾಯು ಬಡಿದವನನ್ನು ಬದುಕಿಸುವ ವಿದ್ಯೆಯಲ್ಲಿ ನಮ್ಮ ನಾಡಿನ ಆಸ್ಪತ್ರೆಗಳು ಈಚಿನ ವರ್ಷಗಳಲ್ಲಿ ಬಹಳ ಮುಂದುವರಿದಿರುವವು. ರಾಜ್ಯ ಸರಕಾರವು 2022ರಲ್ಲಿ ನಿಮ್ಹಾನ್ಸ್ ಸಂಸ್ಥೆಯೊಡಗೂಡಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿದ್ದು ಅಭಿನಂದನೀಯವೇ ಸರಿ. ಆದರೆ ಬದುಕಿದವನು ಮುಂದೆ ಬಾಳುವದು ಹೇಗೆಂದು ಕೇಳುವವರು ವಿರಳ. ಕೆಲವು ದಿನಗಳಾದ ಮೇಲೆ ರೋಗಿಯ ಕೈಯಲ್ಲಿ ಗುಳಿಗೆಗಳ ಚೀಟಿಯನ್ನಿಟ್ಟು, 'ಮನೆಯಲ್ಲಿ ವ್ಯಾಯಾಮ ಮಾಡಿಸಿರಿ' ಎಂದು ಹೇಳಿ ಕಳುಹಿದರೆ ಆಸ್ಪತ್ರೆಯ ಕರ್ತವ್ಯವು ಮುಗಿದಂತೆ. ಯಾವ ವ್ಯಾಯಾಮ? ಎಷ್ಟು ಹೊತ್ತು? ಮಾಡಿಸತಕ್ಕವರಾರು?

ಈ ವ್ಯಾಧಿಯ ಸ್ವಭಾವವನ್ನು ವಾಚಕರು ತುಸು ಗಮನಿಸಬೇಕು. ಮೆದುಳಿನ ಒಂದು ಭಾಗವು ಸತ್ತರೂ ಉಳಿದ ಭಾಗಗಳು ಅಭ್ಯಾಸಬಲದಿಂದ ಅದರ ಕೆಲಸವನ್ನು ಕೆಲಮಟ್ಟಿಗೆ ಕಲಿಯಬಲ್ಲವು. ಈ ಕಲಿಕೆಯು ಅತಿ ವೇಗದಿಂದ ಸಾಗುವದು ಮೊದಲಿನ ಮೂರು ತಿಂಗಳುಗಳಲ್ಲಿ. ಅನಂತರವೂ ಸಾಗುವದು, ಆದರೆ ನಿಧಾನವಾಗಿ. ಆ ಅಮೂಲ್ಯವಾದ ಕಾಲವನ್ನು ನಮ್ಮ ರೋಗಿಯು ಕಳೆಯುವದು ಆಸ್ಪತ್ರೆಯಲ್ಲಲ್ಲ, ನಡುಮನೆಯ ಹಾಸಿಗೆಯ ಮೇಲೆ. ಅಲ್ಲಿ ಮಮತೆಯಿಂದಲೇ ಎಷ್ಟೋ ಕೇಡುಗಳು ನಡೆಯುವವು. ಎಬ್ಬಿಸುವಾಗ ಸೋತ ಕೈಯನ್ನೇ ಹಿಡಿದು ಎಳೆಯುವದರಿಂದ ಭುಜದ ಕೀಲು ಜಾರುವದು. ಮಲಗಿದ್ದಲ್ಲಿಯೇ ಬಾಯಿಗೆ ನೀರು ಹಾಕಿದರೆ, ನುಂಗುವ ಶಕ್ತಿ ಕುಗ್ಗಿದವನಿಗೆ ಅದು ಶ್ವಾಸಕೋಶಕ್ಕಿಳಿದು ಪ್ರಾಣಾಂತಿಕವಾಗಬಹುದು. ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವದು. ಮಾತು ನಿಂತವನಿಗೆ ಬುದ್ಧಿಯೂ ಹೋಯಿತೆಂದು ಬಗೆದು, ಅವನೆದುರಿಗೇ ಅವನ ಆಸ್ತಿಯ ಮಾತನ್ನಾಡುವ ಬಂಧುಗಳೂ ಉಂಟು. ಅವನು ಎಲ್ಲವನ್ನೂ ತಿಳಿಯುತ್ತಿರಬಹುದು, ಉತ್ತರ ಹೇಳಲಾರ, ಅಷ್ಟೇ. ಇಂಥ ಮನೆಗೆ ಎಣ್ಣೆಯ ಸೀಸೆ ಹಿಡಿದು ನಾಟಿ ವೈದ್ಯನು ಬಂದರೆ ಅವನನ್ನು ಹಳಿದು ಪ್ರಯೋಜನವಿಲ್ಲ. ಬಾಗಿಲಿಗೆ ಬಂದವನು ಅವನೊಬ್ಬನೇ.

ಹಾಗೆಂದು ರೋಗಿಯನ್ನು ಆಸ್ಪತ್ರೆಯಲ್ಲಿಯೇ ಇಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆಸ್ಪತ್ರೆಯ ನುಣ್ಣನೆಯ ನೆಲದ ಮೇಲೆ ಕಂಬಿ ಹಿಡಿದು ನಡೆದವನು ತನ್ನ ಮನೆಯ ಎತ್ತರದ ಹೊಸ್ತಿಲನ್ನು ದಾಟಲಾರನು; ಬಚ್ಚಲಿನ ಜಾರು ಕಲ್ಲಿನ ಮೇಲೆ ನಿಲ್ಲಲಾರನು; ಕುಕ್ಕರಗಾಲಿನಲ್ಲಿ ಕುಳಿತೇಳಲಾರನು. ಬಾಳುವಲ್ಲಿಯೇ ಬಾಳುವದನ್ನು ಕಲಿಸತಕ್ಕದ್ದು. ಬ್ರಿಟನ್ ಮೊದಲಾದ ದೇಶಗಳಲ್ಲಿ, ಅಷ್ಟೇನೂ ತೀವ್ರವಲ್ಲದ ರೋಗಿಗಳನ್ನು ಬೇಗನೆ ಮನೆಗೆ ಕಳುಹಿ, ಅವರ ಬೆನ್ನಿಗೇ ಫಿಸಿಯೋಥೆರಪಿಯವರು, ವಾಕ್‌ಚಿಕಿತ್ಸಕರು, ದಾದಿಯರು ಇವರ ಒಂದು ತಂಡವನ್ನೂ ಕಳುಹುವ ಪದ್ಧತಿಯುಂಟು. ಇದರಿಂದ ನೂರಕ್ಕೆ ಐದಾರು ಮಂದಿ ಹೆಚ್ಚಾಗಿ ಪರಾವಲಂಬನವಿಲ್ಲದೆ ಬಾಳುವರೆಂದು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ತಂಡವು ಒಗ್ಗಟ್ಟಿನಿಂದ ಕೆಲಸ ಮಾಡಿದಲ್ಲಿ ಮಾತ್ರ ಈ ಫಲವೆಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಅಷ್ಟು ಮಂದಿ ತಜ್ಞರೆಲ್ಲಿ, ಮನೆಯವರಿಗೇ ಕಲಿಸಿಬಿಟ್ಟರಾಯಿತು ಎನ್ನುವವರುಂಟು. ಆಲೋಚನೆಯು ಸೊಗಸಾಗಿದೆ, ಅಗ್ಗವೂ ಆಗಿದೆ. ಆದರೆ ಅದನ್ನು ಒರೆಗೆ ಹಚ್ಚಿಯೂ ಆಗಿದೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆದ 'ಅಟೆಂಡ್' ಎಂಬ ಪ್ರಯೋಗದ ಫಲಿತಾಂಶವು 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟ ಪಂಗಡದಲ್ಲಿಯೂ, ಕೊಡದ ಪಂಗಡದಲ್ಲಿಯೂ, ಆರು ತಿಂಗಳ ಕೊನೆಗೆ ತೀರಿಕೊಂಡವರು ಇಲ್ಲವೆ ಪರಾವಲಂಬಿಗಳಾದವರು ನೂರಕ್ಕೆ 47 ಮಂದಿ! ಎಳ್ಳಷ್ಟೂ ಅಂತರವಿಲ್ಲ. ಹೆಂಡತಿ ಮಕ್ಕಳ ಪ್ರೀತಿಯು ಕಡಿಮೆಯಾಯಿತೆಂದು ಇದರ ಅರ್ಥವಲ್ಲ. ಪಳಗಿದ ಕೈಯ ಕೆಲಸವನ್ನು ಪ್ರೀತಿಯ ತಲೆಗೆ ಕಟ್ಟಬಾರದೆಂದು ನಾವು ಅರ್ಥ ಮಾಡುತ್ತೇವೆ. ಆ ಹೊರೆಯನ್ನು ಹೊರುವವಳು ಬಹುಮಟ್ಟಿಗೆ ಮನೆಯ ಹೆಣ್ಣುಮಗಳು. ದುಡಿಯುವವನು ಮಲಗಿದಾಗ ದುಡಿಯುವದೂ ಅವಳಿಗೇ ಬರುವದು.

ಇನ್ನು ಕಾಯಿದೆಯ ಮಾತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 27ನೆಯ ಕಲಮು ಪುನಶ್ಚೇತನದ ಹೊಣೆಯನ್ನು ಸರಕಾರದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ, 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬ ಬಾಲವನ್ನು ಸೇರಿಸಿ. ಆಯುಷ್ಮಾನ್ ಭಾರತ ವಿಮೆಯು ಆಸ್ಪತ್ರೆ ಬಿಟ್ಟ ಮೇಲಿನ 15 ದಿನಗಳ ವೆಚ್ಚವನ್ನು ಮಾತ್ರ ಒಪ್ಪುವದು. ಗುಣವಾಗುವ ಕಾಲವು ಮೂರು ತಿಂಗಳು, ಸರಕಾರದ ಪಂಚಾಂಗದಲ್ಲಿ ಒಂದು ಪಕ್ಷ!

ಮನೆಮನೆಗೆ ಹೋಗುವದು ಅಸಾಧ್ಯವೆಂದು ಅಧಿಕಾರಿವರ್ಗದವರು ಹೇಳಲಾರರು. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯವರು ರಕ್ತದೊತ್ತಡ, ಮಧುಮೇಹಗಳ ತಪಾಸಣೆಗೆಂದು ಮನೆಯ ಬಾಗಿಲಿಗೇ ಬಂದರು. ನೆರೆಯ ಕೇರಳವು 2008ರಲ್ಲಿ ಉಪಶಾಮಕ ಶುಶ್ರೂಷೆಯ ನೀತಿಯನ್ನು ಸ್ವೀಕರಿಸಿ, ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿಗಳ ಮೂಲಕ ದಾದಿಯರನ್ನು ಕಳುಹುವ ಏರ್ಪಾಡನ್ನು ಬಲಪಡಿಸಿತು. ದಾರಿಯು ಇದೆ, ಆ ದಾರಿಯಲ್ಲಿ ನಡೆಯುವ ಫಿಸಿಯೋಥೆರಪಿಯವನು ಬೇಕು. ವಾಕ್‌ಚಿಕಿತ್ಸೆಯ ಗತಿಯು ಇನ್ನೂ ಶೋಚನೀಯ. ಮೈಸೂರಿನಲ್ಲಿ 1965ರಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪನೆಯಾಯಿತು. ಆದರೆ ಮಾತು ಕಳೆದುಕೊಂಡ ಬೀದರದ ಒಕ್ಕಲಿಗನಿಗೆ ಮೈಸೂರು ಎಷ್ಟು ದೂರ!

ತಾಲೂಕು ಆಸ್ಪತ್ರೆಗೊಬ್ಬ ಫಿಸಿಯೋಥೆರಪಿಯವನು, ವಾರದಲ್ಲಿ ಮೂರು ದಿನ ಹಳ್ಳಿಗಳಲ್ಲಿ ಸಂಚರಿಸಲು ಅವನಿಗೊಂದು ವಾಹನ, ರೋಗಿಯು ಮನೆ ಮುಟ್ಟುವ ಮೊದಲೇ ಅವನ ಕಾಗದಪತ್ರಗಳು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮುಟ್ಟುವ ಏರ್ಪಾಡು, ವಿಮೆಯ 15 ದಿನಗಳು 90 ಆಗುವದು: ಇಷ್ಟನ್ನು ಬರುವ ಮುಂಗಡಪತ್ರದಲ್ಲಿ ಸೇರಿಸಬೇಕೆಂದು ನಾವು ಆರೋಗ್ಯಮಂತ್ರಿಗಳನ್ನು ಕೇಳುತ್ತೇವೆ. ಎಲ್ಲ ಜಿಲ್ಲೆಗಳಿಗೂ ಒಮ್ಮೆಗೇ ಆಗದಿದ್ದರೆ, ಆಸ್ಪತ್ರೆಗಳು ದೂರವಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಆರಂಭಿಸಲಿ.