ಗರ್ಭಿಣಿಯರಲ್ಲಿ ರಕ್ತಹೀನತೆ: ಕೆಂಪು ಮಾತ್ರೆ ಕೈಗೆ ಬಂದ ಮೇಲೆ

ತಪಾಸಣೆಗೆ ಹೋದಾಗ ನರ್ಸ್ ‘ನಿಮಗೆ ರಕ್ತ ಕಡಿಮೆ ಇದೆ’ ಎಂದರೆ ಮೈಯಲ್ಲಿರುವ ರಕ್ತದ ಅಳತೆಯೇ ಇಳಿದಿದೆ ಎಂದಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಕಡಿಮೆಯಾಗಿದೆ ಎಂದರ್ಥ. ಗರ್ಭಿಣಿಯರಲ್ಲಿ ಅದು ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ಈ ತೊಂದರೆ ಇತ್ತು. ಬಸುರಿಗೆ ಸುಸ್ತು ಸಹಜ ಎಂದು ಸುಮ್ಮನಿದ್ದರೆ ಅವಧಿಗೆ ಮುಂಚೆ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚುತ್ತದೆ. ಹೆರಿಗೆಯ ಸಮಯದಲ್ಲಿ ರಕ್ತಸ್ರಾವವಾದರೆ ತಾಯಿಯ ಜೀವಕ್ಕೇ ಅಪಾಯ.

ಇದರ ಪರೀಕ್ಷೆಗೂ ಮಾತ್ರೆಗೂ ದೊಡ್ಡ ಆಸ್ಪತ್ರೆ ಬೇಕಿಲ್ಲ. ಮುಂಬೈನಲ್ಲಿ ಹೆಲ್ತ್ ಪೋಸ್ಟ್, ಚೆನ್ನೈ, ಹೈದರಾಬಾದಿನಲ್ಲಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, ಹೀಗೆ ಹೆಸರು ಊರಿಗೊಂದು. ಎರಡೂ ಅಲ್ಲಿ ಉಚಿತ. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಂತೆ ಮೊದಲ ಮೂರು ತಿಂಗಳು ಫೋಲಿಕ್ ಆಮ್ಲ ಕೊಡುತ್ತಾರೆ. ನಾಲ್ಕನೇ ತಿಂಗಳಿಂದ 180 ದಿನ ದಿನಕ್ಕೊಂದು ಕೆಂಪು ಮಾತ್ರೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹಿಮೋಗ್ಲೋಬಿನ್ 7 ಮತ್ತು 11ರ ನಡುವೆ ಇದ್ದರೆ ದಿನಕ್ಕೆ ಎರಡು ಮಾತ್ರೆ. ಜಂತುಹುಳುವಿಗೆ ಎರಡನೇ ತ್ರೈಮಾಸಿಕದಲ್ಲಿ ಒಂದು ಬಾರಿ ಅಲ್ಬೆಂಡಜೋಲ್.

ಮಾತ್ರೆ ಮನೆಗೆ ಬರುತ್ತದೆ, ಆದರೆ ಎಷ್ಟೋ ಸಲ ಡಬ್ಬಿಯಲ್ಲೇ ಉಳಿಯುತ್ತದೆ. ಔಷಧಿ ಕೌಂಟರಿನಲ್ಲಿ ನಾನು ಹೆಚ್ಚು ಕೇಳಿರುವ ಮಾತು, ‘ಮಲ ಕಪ್ಪಗಾಯ್ತು, ಹೆದರಿ ಬಿಟ್ಟೆ’ ಎಂಬುದು. ಹೀರದೆ ಉಳಿದ ಕಬ್ಬಿಣದಿಂದ ಆ ಬಣ್ಣ ಬರುತ್ತದೆ, ಹೆದರಬೇಕಿಲ್ಲ. ವಾಕರಿಕೆ ಆದರೆ ಊಟವಾಗಿ ಒಂದು ಗಂಟೆ ಬಿಟ್ಟು ತೆಗೆದುಕೊಳ್ಳಿ. ಮಲಬದ್ಧತೆ ಇದ್ದರೆ ನೀರು, ಹಣ್ಣು, ಸೊಪ್ಪು ಹೆಚ್ಚಿಸಿ. ಅದಕ್ಕೂ ಬಗ್ಗದಿದ್ದರೆ ಕೇಂದ್ರದಲ್ಲಿ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರಲ್ಲ, ಎರಡನ್ನೂ ಒಂದೇ ಕವರಿನಿಂದ ತೆಗೆದು ಒಂದೇ ಗುಟುಕಿನಲ್ಲಿ ನುಂಗುವವರು ಬಹಳ. ಕ್ಯಾಲ್ಸಿಯಂ ಜೊತೆಗಿದ್ದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎದೆಯುರಿಗೆ ಕುಡಿಯುವ ಆಂಟಾಸಿಡ್, ಹಾಲು, ಚಹಾ, ನಮ್ಮ ಪ್ರೀತಿಯ ಫಿಲ್ಟರ್ ಕಾಫಿ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಕನಿಷ್ಠ ಎರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಅನ್ನು ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ ಜೊತೆಗೆ ಇಟ್ಟುಕೊಂಡು, ಕೆಂಪು ಮಾತ್ರೆಯನ್ನು ಮಧ್ಯಾಹ್ನ ನಿಂಬೆ ಪಾನಕದೊಂದಿಗೆ ತೆಗೆದುಕೊಳ್ಳಬಹುದು. ನಿಂಬೆಯ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ.

ಬೀಟ್‌ರೂಟ್ ರಸದಿಂದ ರಕ್ತ ಏರುತ್ತದೆಯೇ ಎಂದು ಕೇಳುವವರಿದ್ದಾರೆ. ಅದರ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವಿಲ್ಲ. ಕಾಳು, ಸೊಪ್ಪು, ತಿನ್ನುವವರಾದರೆ ಮಾಂಸ ಒಳ್ಳೆಯದೇ, ಆದರೆ ರಕ್ತಹೀನತೆ ಬಂದ ಮೇಲೆ ಆಹಾರವೊಂದೇ ಸಾಲದು.

ಚಿಕಿತ್ಸೆ ಶುರುವಾದ ಮೇಲೆ ಪ್ರತಿ ತಿಂಗಳು ಹಿಮೋಗ್ಲೋಬಿನ್ ನೋಡಿಸಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಕೇಂದ್ರಗಳಲ್ಲಿ ವೈದ್ಯರೇ ಗರ್ಭಿಣಿಯರನ್ನು ಪರೀಕ್ಷಿಸುತ್ತಾರೆ. ಮಾತ್ರೆ ತಪ್ಪದೆ ತೆಗೆದುಕೊಂಡೂ ತಿಂಗಳಲ್ಲಿ 1 ಗ್ರಾಂ ಏರದಿದ್ದರೆ ಕಾರಣ ಬೇರೆ ಇರಬಹುದು: ಬಿ12 ಕೊರತೆ, ಥಲಸ್ಸೀಮಿಯಾ, ಸೋಂಕು. ಆಗ ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ. 7ಕ್ಕಿಂತ ಕೆಳಗಿದ್ದರೆ ವೈದ್ಯರು ರಕ್ತನಾಳದ ಮೂಲಕ ಕಬ್ಬಿಣ ಕೊಡಬಹುದು. 5ಕ್ಕೂ ಕೆಳಗಿಳಿದರೆ ಎಷ್ಟನೇ ತಿಂಗಳಾದರೂ ಸರಿ, ತಕ್ಷಣ ಆಸ್ಪತ್ರೆಗೆ ಸೇರಬೇಕು. ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ ತಪಾಸಣೆಯ ದಿನಕ್ಕೆ ಕಾಯಬೇಡಿ.

ಹೆರಿಗೆಗೆಂದು ಪುಣೆಯಿಂದ ವಿಜಯಪುರಕ್ಕೋ, ಹೈದರಾಬಾದಿನಿಂದ ಕಲಬುರಗಿಗೋ ತವರಿಗೆ ಹೊರಟಿದ್ದೀರಾ? ತಾಯಿ ಕಾರ್ಡ್, ರಕ್ತಪರೀಕ್ಷೆಯ ಚೀಟಿಗಳು, ಉಳಿದ ಮಾತ್ರೆಗಳು ಬ್ಯಾಗಿನಲ್ಲಿರಲಿ. ಕಳೆದ ತಿಂಗಳ ಸಂಖ್ಯೆ ಎಷ್ಟಿತ್ತು ಎಂದು ಅಲ್ಲಿನ ಆರೋಗ್ಯ ಕೇಂದ್ರದವರಿಗೆ ತಿಳಿಯುವುದು ಅದರಿಂದಲೇ. ಹೆರಿಗೆಯಾದ ಮೇಲೂ 180 ದಿನ ಕೆಂಪು ಮಾತ್ರೆ ಇದೆ. ಬಾಣಂತಿ ಪಥ್ಯದ ಹೆಸರಿನಲ್ಲಿ ಅದನ್ನು ಬಿಡಿಸಲು ನೋಡಿದರೆ ಅಮ್ಮನಿಗೆ ಈ ಲೆಕ್ಕ ಹೇಳಿ. ನಡುವೆ ನಿಮ್ಮ ನಗರಕ್ಕೆ ಮರಳಿದರೆ ಉಳಿದ ದಿನಗಳ ಮಾತ್ರೆ ಅಲ್ಲಿನ ಕೇಂದ್ರದಲ್ಲೇ ಸಿಗುತ್ತದೆ.