ಗುಣಗೌರವ: ಥಾಣೆ ಜಿಲ್ಲೆಯ ವಿದ್ಯಾರ್ಥಿ ಪುರಸ್ಕಾರಗಳ ವಿಚಾರ

೧

ಹತ್ತನೆಯ ತರಗತಿಯ ಶಾಲಾಂತ ಪರೀಕ್ಷೆಯ ಫಲಿತಾಂಶವು ಮೇ ತಿಂಗಳಿನಲ್ಲಿಯೋ ಜೂನ್ ತಿಂಗಳಿನಲ್ಲಿಯೋ ಪ್ರಕಟವಾದೊಡನೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಸತ್ಕಾರ ಸಮಾರಂಭಗಳ ಕಾಲವು ಮೊದಲಾಗುತ್ತದೆ. ಶಾಲೆಗಳು ತಮ್ಮ ಮಕ್ಕಳನ್ನು ಕರೆದು ಗೌರವಿಸುತ್ತವೆ. ಊರಿನ ಸಂಘಸಂಸ್ಥೆಗಳೂ ಹಾಗೆಯೇ ಮಾಡುತ್ತವೆ. ಮಳೆಗಾಲದ ಭಾನುವಾರಗಳಂದು ಸಭಾಗೃಹಗಳಲ್ಲಿ ತಂದೆತಾಯಿಗಳು ಹೊಸ ಉಡುಪಿನ ಮಕ್ಕಳೊಡನೆ ಕುಳಿತು ಹೆಸರು ಕರೆಯುವುದನ್ನು ಕಾಯುತ್ತಿರುತ್ತಾರೆ. ಕನ್ನಡಿಗರು ಈ ಕಾರ್ಯಕ್ಕೆ ‘ಪ್ರತಿಭಾ ಪುರಸ್ಕಾರ’ವೆಂದು ಹೆಸರಿಟ್ಟಿದ್ದಾರೆ. ಮರಾಠಿಯಲ್ಲಿ ಇದಕ್ಕೆ ‘ಗುಣಗೌರವ’ವೆಂದು ಹೆಸರು.

ಈ ಮರಾಠಿ ಶಬ್ದವು ವಿಚಾರಕ್ಕೆ ಎಡೆಗೊಡುವಂತಹದು. ಕನ್ನಡದಲ್ಲಿ ‘ಗುಣ’ವೆಂದರೆ ವಸ್ತುವಿನ ಧರ್ಮ, ಮನುಷ್ಯನ ಶೀಲಸ್ವಭಾವ. ಮರಾಠಿಯಲ್ಲಿ ಈ ಅರ್ಥವೂ ಉಂಟು. ಪರೀಕ್ಷೆಯಲ್ಲಿ ದೊರೆತ ಅಂಕಗಳೆಂಬ ಅರ್ಥವೂ ಉಂಟು. ಅಂಕಪಟ್ಟಿಗೆ ಅಲ್ಲಿ ‘ಗುಣಪತ್ರಿಕೆ’ಯೆನ್ನುತ್ತಾರೆ. ಹೀಗೆ ಒಂದೇ ಶಬ್ದವು ಅಂಕವನ್ನೂ ಅಂತಃಸತ್ವವನ್ನೂ ಹೇಳುವುದರಿಂದ, ವೇದಿಕೆಯ ಮೇಲೆ ನಡೆಯುವ ಗೌರವವು ಯಾವುದಕ್ಕೆ ಸಲ್ಲುತ್ತಿದೆಯೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಜಿಲ್ಲೆಯ ಶಾಲೆಗಳ ಸ್ಥಿತಿಯನ್ನೂ ಅವುಗಳ ಸಾಧನೆಯನ್ನು ಅಳೆಯುವ ಕ್ರಮಗಳನ್ನೂ ಪರಿಶೀಲಿಸಿದರೆ ಇದಕ್ಕೆ ಉತ್ತರ ದೊರೆಯಬಹುದು.

೨

ಪಾಲಘರ ಜಿಲ್ಲೆಯು ೨೦೧೪ರ ಆಗಸ್ಟ್ ೧ರಂದು ಬೇರ್ಪಟ್ಟ ಮೇಲೆ ಉಳಿದ ಥಾಣೆ ಜಿಲ್ಲೆಯಲ್ಲಿ ಏಳು ತಾಲೂಕುಗಳಿವೆ. ಆದರೂ ಇಲ್ಲಿಯ ಸಾರ್ವಜನಿಕ ಶಾಲೆಗಳೆಲ್ಲ ಒಂದೇ ಆಡಳಿತಕ್ಕೆ ಒಳಪಟ್ಟವಲ್ಲ. ೧೯೬೧ರ ಕಾಯಿದೆಯಂತೆ ೧೯೬೨ರ ಮೇ ೧ರಂದು ರಾಜ್ಯದಲ್ಲಿ ಅಸ್ತಿತ್ವಕ್ಕೆ ಬಂದ ಜಿಲ್ಲಾ ಪರಿಷತ್ತುಗಳು ಹಳ್ಳಿಗಳ ಪ್ರಾಥಮಿಕ ಶಾಲೆಗಳನ್ನು ನೋಡಿಕೊಳ್ಳುತ್ತವೆ. ನಗರಗಳಲ್ಲಿ ಆ ಹೊಣೆ ಮಹಾನಗರಪಾಲಿಕೆಗಳದು. ಥಾಣೆಯ ಮಹಾನಗರಪಾಲಿಕೆ ೧೯೮೨ರಲ್ಲಿಯೂ, ಕಲ್ಯಾಣ-ಡೊಂಬಿವಲಿಯದು ೧೯೮೩ರಲ್ಲಿಯೂ, ನವಿಮುಂಬಯಿಯದು ೧೯೯೨ರಲ್ಲಿಯೂ ಸ್ಥಾಪಿತವಾದವು. ಇವುಗಳೊಡನೆ ಖಾಸಗಿ ಸಂಸ್ಥೆಗಳ ಅನುದಾನಿತ ಶಾಲೆಗಳೂ ಅನುದಾನವಿಲ್ಲದ ಶಾಲೆಗಳೂ ಇವೆ. ಡೊಂಬಿವಲಿಯ ಕರ್ನಾಟಕ ಸಂಘವು ನಡೆಸುತ್ತಿರುವ ಮಂಜುನಾಥ ವಿದ್ಯಾಲಯವು ಕನ್ನಡಿಗರು ಈ ಪ್ರದೇಶದ ವಿದ್ಯಾಭ್ಯಾಸಕ್ಕೆ ಸಲ್ಲಿಸಿರುವ ಸೇವೆಗೆ ಒಂದು ನಿದರ್ಶನ.

ಆದುದರಿಂದ ಒಂದೇ ಜಿಲ್ಲೆಯ ಇಬ್ಬರು ಮಕ್ಕಳ ವಿದ್ಯಾಭ್ಯಾಸವು ತೀರ ಭಿನ್ನವಾದ ಸನ್ನಿವೇಶಗಳಲ್ಲಿ ನಡೆಯುತ್ತದೆ. ಶಹಾಪುರ, ಮುರಬಾಡ ತಾಲೂಕುಗಳ ಗುಡ್ಡಗಾಡಿನ ಹಾಡಿಯಿಂದ ಕಾಲ್ನಡಿಗೆಯಲ್ಲಿ ಶಾಲೆಗೆ ಬರುವ ಆದಿವಾಸಿ ಬಾಲಕಿಯೂ, ಥಾಣೆಯ ಬಹುಮಹಡಿಯ ಮನೆಯಿಂದ ಶಾಲೆಯ ಬಸ್ಸು ಹತ್ತುವ ಬಾಲಕನೂ ಕಟ್ಟಕಡೆಗೆ ಒಂದೇ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅವರ ಅಂಕಗಳನ್ನು ಹೋಲಿಸುವುದು ಸುಲಭ. ಅವರಿಬ್ಬರೂ ಕ್ರಮಿಸಿದ ದಾರಿಯನ್ನು ಹೋಲಿಸುವುದು ಅಷ್ಟು ಸುಲಭವಲ್ಲ.

೩

ಸಾಧನೆಯನ್ನು ಅಳೆಯಲು ಈಗ ಬಳಕೆಯಲ್ಲಿರುವ ಕ್ರಮಗಳು ಮುಖ್ಯವಾಗಿ ಮೂರು.

ಮೊದಲನೆಯದು ಶಿಷ್ಯವೃತ್ತಿ ಪರೀಕ್ಷೆ. ಪುಣೆಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ಇದನ್ನು ನಡೆಸುತ್ತದೆ. ಬಹುಕಾಲ ನಾಲ್ಕನೆಯ ಮತ್ತು ಏಳನೆಯ ತರಗತಿಗಳಿಗೆ ನಡೆಯುತ್ತಿದ್ದ ಈ ಪರೀಕ್ಷೆಯು ೨೦೧೬-೧೭ರಿಂದ ಐದನೆಯ ಮತ್ತು ಎಂಟನೆಯ ತರಗತಿಗಳಿಗೆ ಹೋಯಿತು. ೨೦೨೫ರಲ್ಲಿ ಅದನ್ನು ಪುನಃ ಮೊದಲಿನ ತರಗತಿಗಳಿಗೇ ತರಲು ಸರಕಾರವು ನಿರ್ಧರಿಸಿತು. ಎರಡು ಪ್ರಶ್ನೆಪತ್ರಿಕೆಗಳಿಗೆ ಒಟ್ಟು ೩೦೦ ಅಂಕಗಳು. ಪ್ರಥಮ ಭಾಷೆ, ಗಣಿತ, ತೃತೀಯ ಭಾಷೆ, ಬುದ್ಧಿಮತ್ತೆ ಇವು ವಿಷಯಗಳು. ಕನ್ನಡಿಗರು ಗಮನಿಸತಕ್ಕ ಸಂಗತಿಯೆಂದರೆ, ಈ ಪರೀಕ್ಷೆಯನ್ನು ಬರೆಯಲು ಅವಕಾಶವಿರುವ ಮಾಧ್ಯಮಗಳಲ್ಲಿ ಕನ್ನಡವೂ ಒಂದು.

ಎರಡನೆಯದು ಹತ್ತನೆಯ ತರಗತಿಯ ಪರೀಕ್ಷೆ. ೧೯೬೬ರ ಜನವರಿ ೧ರಂದು ಸ್ಥಾಪಿತವಾದ ರಾಜ್ಯ ಮಂಡಲಿಯು ಇದನ್ನು ನಡೆಸುತ್ತಿದ್ದು, ಥಾಣೆ ಜಿಲ್ಲೆಯು ಅದರ ಮುಂಬಯಿ ವಿಭಾಗಕ್ಕೆ ಸೇರಿದೆ. ಪ್ರತಿ ವಿಷಯದಲ್ಲಿಯೂ ತೇರ್ಗಡೆಗೆ ನೂರಕ್ಕೆ ೩೫ ಅಂಕಗಳು ಬೇಕು. ೨೦೧೦ರಿಂದೀಚೆಗೆ ಹೆಚ್ಚು ಅಂಕ ದೊರೆತ ಐದು ವಿಷಯಗಳನ್ನು ಮಾತ್ರ ಎಣಿಸಿ ಶೇಕಡಾ ಪ್ರಮಾಣವನ್ನು ತೆಗೆಯುತ್ತಾರೆ. ಮಂಡಲಿಯು ಹಿಂದೆ ಪ್ರಕಟಿಸುತ್ತಿದ್ದ ಗುಣಾನುಕ್ರಮದ ಪಟ್ಟಿಯು ಈಗ ಇಲ್ಲ. ಮಕ್ಕಳ ಮೇಲೆ ಬೀಳುವ ಸ್ಪರ್ಧೆಯ ಭಾರವನ್ನು ಇಳಿಸಬೇಕೆಂಬುದು ಅದನ್ನು ಕೈಬಿಟ್ಟುದರ ಆಶಯ. ಆದರೆ ಮಂಡಲಿಯು ಬಿಟ್ಟ ಪಟ್ಟಿಯನ್ನು ಸತ್ಕಾರ ಸಮಾರಂಭಗಳು ತಮ್ಮ ತಮ್ಮ ಮಟ್ಟದಲ್ಲಿ ಮತ್ತೆ ಸಿದ್ಧಪಡಿಸಿಕೊಂಡಿವೆ.

ಮೂರನೆಯದು ಸಮೀಕ್ಷೆ. ೨೦೨೪ರ ಡಿಸೆಂಬರ್ ೪ರಂದು ದೇಶದ ೭೮೧ ಜಿಲ್ಲೆಗಳಲ್ಲಿ ಮೂರು, ಆರು ಮತ್ತು ಒಂಬತ್ತನೆಯ ತರಗತಿಗಳ ಸುಮಾರು ೨೧ ಲಕ್ಷ ಮಕ್ಕಳ ಕಲಿಕೆಯನ್ನು ‘ಪರಖ್’ ಸಂಸ್ಥೆಯು ಪರೀಕ್ಷಿಸಿತು. ಇದರಲ್ಲಿ ಎಲ್ಲ ಶಾಲೆಗಳೂ ಸೇರುವುದಿಲ್ಲ. ಮಾದರಿಗಾಗಿ ಆರಿಸಿದ ಶಾಲೆಗಳು ಮಾತ್ರ ಸೇರುತ್ತವೆ. ಒಬ್ಬ ವಿದ್ಯಾರ್ಥಿಗೆ ಎಷ್ಟು ಅಂಕ ಬಂದಿತೆಂಬುದನ್ನು ಸಮೀಕ್ಷೆಯು ಹೇಳುವುದಿಲ್ಲ. ಒಂದು ಜಿಲ್ಲೆಯ ಮಕ್ಕಳು ಓದುವುದರಲ್ಲಿಯೂ ಲೆಕ್ಕದಲ್ಲಿಯೂ ಎಲ್ಲಿ ಗಟ್ಟಿಯಾಗಿದ್ದಾರೆ, ಎಲ್ಲಿ ಎಡವುತ್ತಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. ಶಿಕ್ಷಣದ ದೃಷ್ಟಿಯಿಂದ ಇದು ಬಹು ಉಪಯುಕ್ತವಾದ ಅಳತೆ. ಆದರೆ ಇದರಿಂದ ಯಾರ ಕೊರಳಿಗೂ ಹಾರ ಬೀಳುವುದಿಲ್ಲವಾದ ಕಾರಣ ಸಮಾರಂಭಗಳಿಗೆ ಇದು ಒದಗುವುದಿಲ್ಲ.

ಈ ಮೂರರಲ್ಲಿ ಯಾವುದೂ ಮಗುವು ಎಲ್ಲಿಂದ ಹೊರಟು ಎಲ್ಲಿಗೆ ಬಂದಿತೆಂಬುದನ್ನು ಅಳೆಯುವುದಿಲ್ಲ. ಶಾಲಾಂತ ಪರೀಕ್ಷೆಯು ತಲುಪಿದ ಸ್ಥಳವನ್ನು ಮಾತ್ರ ಹೇಳುತ್ತದೆ. ಹಾಗೆಂದು ಪರೀಕ್ಷೆಯನ್ನು ಹಳಿಯುವುದು ತರವಲ್ಲ. ಉತ್ತರಪತ್ರಿಕೆಯನ್ನು ತಿದ್ದುವವನಿಗೆ ಬರೆದವನ ಹೆಸರು, ಜಾತಿ, ಮನೆತನಗಳು ಗೊತ್ತಿರುವುದಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವ ಹುಡುಗನಿಗೂ ಅಧಿಕಾರಿಯ ಮಗಳಿಗೂ ಅಲ್ಲಿ ಒಂದೇ ಪ್ರಶ್ನೆ. ಪರೀಕ್ಷೆಯ ಈ ನಿಷ್ಪಕ್ಷಪಾತವು ಬಡವನಿಗೆ ದೊಡ್ಡ ಆಸರೆ. ಹೀಗಿರಲು ದೋಷವು ಪರೀಕ್ಷೆಯದಲ್ಲ. ಪರೀಕ್ಷೆಯು ಹೇಳದ ಮಾತನ್ನು ಅದರ ಬಾಯಿಯಿಂದ ಹೊರಡಿಸುವ ರೂಢಿಯದು.

೪

ದಾರಿಯನ್ನೂ ಗಣನೆಗೆ ತೆಗೆದುಕೊಂಡರೆ ಸಾಧನೆಯ ಚಿತ್ರವು ಹೇಗೆ ಬದಲಾಗುವುದೆಂಬುದಕ್ಕೆ ಇದೇ ಜಿಲ್ಲೆಯಲ್ಲಿ ಮೂರು ಉದಾಹರಣೆಗಳಿವೆ.

ಥಾಣೆಯ ತೀನ್ ಹಾತ್ ನಾಕಾದಲ್ಲಿ ಮೇಲ್ಸೇತುವೆಯ ಕೆಳಗೆ ೨೦೧೬ರ ಜೂನ್ ತಿಂಗಳಿನಲ್ಲಿ ಒಂದು ಶಾಲೆ ಆರಂಭವಾಯಿತು. ಥಾಣೆ ಮಹಾನಗರಪಾಲಿಕೆಯೂ ‘ಸಮರ್ಥ ಭಾರತ ವ್ಯಾಸಪೀಠ’ವೆಂಬ ಸಂಸ್ಥೆಯೂ ಸೇರಿ ನಡೆಸಿದ ಈ ಶಾಲೆಗೆ ‘ಸಿಗ್ನಲ್ ಶಾಲೆ’ಯೆಂದು ಹೆಸರು. ಬರಗಾಲಕ್ಕೆ ಸಿಕ್ಕಿ ಊರು ಬಿಟ್ಟು ಬಂದು, ವಾಹನಗಳು ನಿಲ್ಲುವ ಕೆಂಪುದೀಪದ ಬಳಿ ಹೂವು ಮುಂತಾದುವನ್ನು ಮಾರಿ ಬದುಕುತ್ತಿದ್ದ ಕುಟುಂಬಗಳ ಮಕ್ಕಳು ಇಲ್ಲಿಯ ವಿದ್ಯಾರ್ಥಿಗಳು. ಸರಕು ಸಾಗಿಸುವ ಕಬ್ಬಿಣದ ಪೆಟ್ಟಿಗೆಗಳೇ ತರಗತಿಯ ಕೋಣೆಗಳಾದವು. ಮಕ್ಕಳು ದೂರದ ಶಾಲೆಗೆ ಹೋಗಲಾರರೆಂಬುದನ್ನು ಅರಿತು ಶಾಲೆಯೇ ಅವರಿದ್ದಲ್ಲಿಗೆ ಬಂದಿತು. ೨೦೧೮ರಲ್ಲಿ ಇಲ್ಲಿಯ ಇಬ್ಬರು ಹುಡುಗರು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದರು. ಜಿಲ್ಲೆಯಲ್ಲಿ ಅವರಿಗಿಂತ ಹೆಚ್ಚು ಅಂಕ ಪಡೆದವರು ಎಷ್ಟೋ ಮಂದಿ ಇದ್ದಿರಬೇಕು. ಅವರಷ್ಟು ದೂರ ನಡೆದು ಬಂದವರು ವಿರಳ.

ಕಲ್ಯಾಣದಿಂದ ಒಳನಾಡಿನ ಕಡೆಗೆ ಹೋದರೆ ಮುರಬಾಡ ತಾಲೂಕಿನ ಫಾಂಗಣೆಯೆಂಬ ಹಳ್ಳಿ ಸಿಗುತ್ತದೆ. ಅಲ್ಲಿಯ ಜಿಲ್ಲಾ ಪರಿಷತ್ತಿನ ಶಾಲೆಯ ಉಪಾಧ್ಯಾಯರಾಗಿದ್ದ ಯೋಗೇಂದ್ರ ಬಾಂಗರ ಅವರು ೨೦೧೬ರ ಮಾರ್ಚ್ ೮ರಂದು ವೃದ್ಧ ಸ್ತ್ರೀಯರಿಗಾಗಿ ಒಂದು ಶಾಲೆಯನ್ನು ಆರಂಭಿಸಿದರು. ಇದು ‘ಆಜೀಬಾಯಿಯ ಶಾಲೆ’, ಎಂದರೆ ಅಜ್ಜಿಯರ ಶಾಲೆ. ಅರುವತ್ತು ದಾಟಿದ ಹೆಂಗಸರು ಗುಲಾಬಿ ಬಣ್ಣದ ಸೀರೆಯನ್ನು ಸಮವಸ್ತ್ರವಾಗಿ ಉಟ್ಟು, ಮನೆಗೆಲಸ ಮುಗಿದ ಮಧ್ಯಾಹ್ನದ ಹೊತ್ತಿನಲ್ಲಿ ಪಾಟಿ ಹಿಡಿದು ಬಂದರು. ಬ್ಯಾಂಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದವರು ತಮ್ಮ ಹೆಸರನ್ನು ತಾವೇ ಬರೆಯುವಂತಾದರು. ಮನೆಯಲ್ಲಿ ಮೊಮ್ಮಕ್ಕಳು ಅಜ್ಜಿಯರಿಗೆ ಅಕ್ಷರ ತಿದ್ದಿಸಿದುದೂ ಉಂಟು. ಅವರು ಯಾವ ಪರೀಕ್ಷೆಗೂ ಕುಳಿತವರಲ್ಲ. ಆದರೂ ಆ ಸಹಿಯು ವಿದ್ಯಾಸಾಧನೆಯಲ್ಲವೆಂದು ಯಾರೂ ಹೇಳಲಾರರು.

ಮೂರನೆಯದು ನವಿಮುಂಬಯಿಯ ವಾಶಿಯಲ್ಲಿದೆ. ದೈಹಿಕ ಮತ್ತು ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗಾಗಿ ಅಲ್ಲಿಯ ಮಹಾನಗರಪಾಲಿಕೆಯು ಒಂದು ಶಿಕ್ಷಣ ಹಾಗೂ ತರಬೇತಿ ಕೇಂದ್ರವನ್ನು ನಡೆಸುತ್ತಿದೆ. ಇಂತಹ ಶಿಕ್ಷಣದಲ್ಲಿ ಮಗುವನ್ನು ಇನ್ನೊಂದು ಮಗುವಿನೊಡನೆ ಹೋಲಿಸಿ ಪ್ರಯೋಜನವಿಲ್ಲ. ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾದ ಗುರಿಯನ್ನು ಗೊತ್ತುಪಡಿಸಿ, ಕಳೆದ ತಿಂಗಳು ಮಾಡಲಾಗದ ಕೆಲಸವನ್ನು ಈ ತಿಂಗಳು ಅದು ಮಾಡಬಲ್ಲುದೇ ಎಂದು ನೋಡಬೇಕಾಗುತ್ತದೆ. ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡ ದಿನವು ಆ ಮಗುವಿನ ಮನೆಗೆ ಹಬ್ಬದ ದಿನ. ವಿಶೇಷ ಶಿಕ್ಷಣದ ಈ ಕ್ರಮವು ಸಾಮಾನ್ಯ ಶಾಲೆಗಳಿಗೂ ಒಂದು ಪಾಠವನ್ನು ಹೇಳಿಕೊಡುತ್ತದೆ.

೫

ಕನ್ನಡಿಗರಿಗೆ ಈ ವಿಚಾರವು ಹೊಸದಲ್ಲ. ಹಿಂದಿನ ಶತಮಾನದಲ್ಲಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳು ನಡೆದವು. ಹಗಲೆಲ್ಲ ಮೇಜು ಒರೆಸಿ, ಲೋಟ ತೊಳೆದು, ಸಂಜೆ ಪುಸ್ತಕ ಹಿಡಿದವರು ಶಾಲಾಂತ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ, ಅವರಿಗೆ ಬಂದ ಅಂಕಗಳೆಷ್ಟೆಂದು ಕೇಳುವವರು ಕಡಿಮೆ, ಪಾಸಾದರೆಂಬುದೇ ಮುಖ್ಯ. ಆ ಶಾಲೆಗಳಲ್ಲಿ ಹಲವು ಇಂದು ಮುಚ್ಚಿಹೋಗಿವೆ. ಅವುಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಉಪನಗರಗಳನ್ನು ದಾಟಿ ಥಾಣೆ, ಡೊಂಬಿವಲಿಗಳಲ್ಲಿ ನೆಲಸಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ.

ಈ ಮಕ್ಕಳ ಶಾಲೆಯ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಎಡೆಯಿರುವುದು ಅಪೂರ್ವ. ೨೦೨೦ರ ಕಾಯಿದೆಯಿಂದ ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯವಾಗಿದೆ. ನಾಡಿನ ಭಾಷೆಯನ್ನು ಕಲಿಯುವುದು ನೆಲಸಿದವರ ಕರ್ತವ್ಯವೇ ಆಗಿದೆ. ಅದರಿಂದ ಮಕ್ಕಳಿಗೆ ಲಾಭವೂ ಉಂಟು. ಇಂಗ್ಲಿಷ್, ಮರಾಠಿ, ಹಿಂದಿಗಳ ಮೇಲೆ ನಾಲ್ಕನೆಯ ಭಾಷೆಗೆ ಶಾಲೆಯಲ್ಲಿ ವೇಳೆ ಉಳಿಯುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲವನ್ನು ಕಲ್ಪಿಸಬೇಕೆಂದು ಸಂವಿಧಾನದ ೩೫೦-ಎ ವಿಧಿಯು ೧೯೫೬ರಿಂದಲೂ ಹೇಳುತ್ತಿದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ಮೊದಲಾದ ಗಡಿ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ರಾಜ್ಯದ ಪಠ್ಯಪುಸ್ತಕ ಮಂಡಲವಾದ ಪುಣೆಯ ‘ಬಾಲಭಾರತಿ’ಯು ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚುಹಾಕುತ್ತದೆ. ಪುಸ್ತಕವೂ ಪರೀಕ್ಷೆಯೂ ಇದ್ದರೂ ಥಾಣೆಯ ಕನ್ನಡ ಮಗುವಿನ ಕೈಗೆ ಅವು ಬರುತ್ತಿಲ್ಲ.

ಇದರ ಫಲವು ಪುರಸ್ಕಾರದ ವೇದಿಕೆಯಲ್ಲಿಯೇ ಕಾಣಸಿಗುತ್ತದೆ. ಕನ್ನಡ ಸಂಘದ ಹೆಸರಿನಲ್ಲಿ ಕನ್ನಡದಲ್ಲಿ ಬರೆದ ಪ್ರಶಸ್ತಿಪತ್ರವನ್ನು ಪಡೆಯುವ ಬಾಲಕನಿಗೆ ನೂರಕ್ಕೆ ತೊಂಬತ್ತೈದು ಅಂಕ ಬಂದಿರಬಹುದು; ಪತ್ರದಲ್ಲಿ ಬರೆದಿರುವ ತನ್ನ ಹೆಸರನ್ನು ಮಾತ್ರ ಅವನು ಓದಲಾರ. ಸಭೆಯಲ್ಲಿ ಕುಳಿತ ಅವನ ಅಜ್ಜಿ ಅದನ್ನು ಓದಬಲ್ಲಳು. ಫಾಂಗಣೆಯ ಹಳ್ಳಿಯಲ್ಲಿ ಮೊಮ್ಮಕ್ಕಳು ಅಜ್ಜಿಗೆ ಅಕ್ಷರ ಕಲಿಸಿದರು. ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಅಜ್ಜಿಯೇ ಮೊಮ್ಮಗನಿಗೆ ಕಲಿಸಬಲ್ಲಳು. ಆದರೆ ಆ ಕಲಿಕೆಗೆ ಅಂಕವಿಲ್ಲ, ಅಂಕವಿಲ್ಲದುದರಿಂದ ಗೌರವವಿಲ್ಲ, ಗೌರವವಿಲ್ಲದುದರಿಂದ ಮನೆಯವರಿಗೂ ಅದರಲ್ಲಿ ಆಸ್ಥೆಯಿಲ್ಲ. ಅಕ್ಷರ ಬಲ್ಲ ತಲೆಮಾರು ಮನೆಯಲ್ಲಿ ಇರುವಷ್ಟು ದಿನ ಮಾತ್ರ ಇದಕ್ಕೆ ಪರಿಹಾರ ಸಾಧ್ಯ.

೬

ಸಂಘಸಂಸ್ಥೆಗಳು ಮನಸ್ಸು ಮಾಡಿದರೆ ಪುರಸ್ಕಾರದ ಕ್ರಮವನ್ನು ಹೆಚ್ಚಿನ ವೆಚ್ಚವಿಲ್ಲದೆ ತಿದ್ದಬಹುದು. ಹೆಚ್ಚು ಅಂಕ ಪಡೆದವರಿಗೆ ಸಲ್ಲುವ ಗೌರವವನ್ನು ಕಸಿಯಬೇಕಾಗಿಲ್ಲ. ಅದರ ಪಕ್ಕದಲ್ಲಿ ಬೇರೆ ಸಾಧನೆಗಳಿಗೂ ಸ್ಥಳ ಕೊಟ್ಟರೆ ಸಾಕು.

ಮೊದಲನೆಯದಾಗಿ, ಒಂದು ವರ್ಷದಲ್ಲಿ ಹೆಚ್ಚು ಮುಂದುವರಿದ ವಿದ್ಯಾರ್ಥಿಯನ್ನು ಆಯಾ ಶಾಲೆಯ ಉಪಾಧ್ಯಾಯರಿಂದಲೇ ಕೇಳಿ ತಿಳಿಯಬಹುದು. ಜೂನ್ ತಿಂಗಳಿನಲ್ಲಿ ವಾಕ್ಯವನ್ನು ಓದಲಾರದೆ ಮಾರ್ಚ್ ತಿಂಗಳಿನಲ್ಲಿ ಕಥೆಯನ್ನು ಓದಿದ ಮಗು ಯಾವುದೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಎರಡನೆಯದಾಗಿ, ಮನೆತನದಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿಯನ್ನು ಮುಗಿಸಿದವರನ್ನೂ ಪಾಲಿಕೆಯ ಶಾಲೆಗಳಲ್ಲಿ ಓದಿದವರನ್ನೂ ಅದೇ ವೇದಿಕೆಗೆ ಕರೆಯಬೇಕು. ಆದರೆ ಅವರ ಬಡತನವನ್ನು ಸಭೆಯಲ್ಲಿ ವರ್ಣಿಸುವುದು ಸಲ್ಲದು. ಕನಿಕರವು ಗೌರವದ ವೇಷದಲ್ಲಿ ಬಂದರೆ ಮಗುವಿಗೆ ಅದು ತಿಳಿಯದೆ ಇರುವುದಿಲ್ಲ. ಮೂರನೆಯದಾಗಿ, ಪ್ರಶಸ್ತಿಪತ್ರದಲ್ಲಿ ಶೇಕಡಾ ಪ್ರಮಾಣವೊಂದನ್ನೇ ನಮೂದಿಸದೆ ಮಗುವು ಮಾಡಿದುದೇನೆಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಆ ವಾಕ್ಯವನ್ನು ಬರೆಯಬೇಕಾದರೆ ಸಂಘದವರು ಆ ಮಗುವನ್ನು ಅರಿತಿರಲೇಬೇಕಾಗುತ್ತದೆ.

ನಾಲ್ಕನೆಯದು ಕನ್ನಡಕ್ಕೆ ಸಂಬಂಧಿಸಿದುದು. ಮನೆಯಲ್ಲಿಯೋ ಸಂಘದ ವಾರದ ತರಗತಿಯಲ್ಲಿಯೋ ಕನ್ನಡವನ್ನು ಕಲಿತ ಮಕ್ಕಳು ಒಂದು ಪುಟವನ್ನು ಸಭೆಯ ಮುಂದೆ ಓದಲಿ. ಊರಿನ ಬಂಧುಗಳಿಗೆ ತಾವೇ ಬರೆದ ಒಂದು ಕಾಗದವನ್ನು ತೋರಿಸಲಿ. ಅವರೊಡನೆ ಅವರಿಗೆ ಕಲಿಸಿದವರನ್ನೂ, ಅದು ತಾಯಿಯಾಗಲಿ, ಅಜ್ಜಿಯಾಗಲಿ, ವೇದಿಕೆಗೆ ಕರೆದು ಸತ್ಕರಿಸುವುದು ಯುಕ್ತ. ಬಹುಮಾನವಾಗಿ ಸ್ಮರಣಿಕೆಯ ಬದಲು ಓದಬಹುದಾದ ಕನ್ನಡ ಪುಸ್ತಕವನ್ನು ಕೊಡುವುದು ಲೇಸು.

‘ಗುಣ’ಕ್ಕೆ ಮರಾಠಿಯಲ್ಲಿರುವ ಎರಡು ಅರ್ಥಗಳನ್ನು ಕೂಡಿಸುವ ಕೆಲಸವನ್ನು ಪರೀಕ್ಷಾ ಮಂಡಲಿಯಿಂದ ನಿರೀಕ್ಷಿಸಲಾಗದು. ಅದು ಅಂಕವನ್ನು ಕೊಟ್ಟು ತನ್ನ ಕೆಲಸವನ್ನು ಮುಗಿಸುತ್ತದೆ. ಉಳಿದುದು ಮಗುವನ್ನು ಹತ್ತಿರದಿಂದ ಬಲ್ಲ ಶಾಲೆಗೂ ನೆರೆಹೊರೆಗೂ ಸಂಘಕ್ಕೂ ಸೇರಿದುದು. ಮುಂದಿನ ಜೂನ್ ತಿಂಗಳಿನ ಆಮಂತ್ರಣ ಪತ್ರಿಕೆಯನ್ನು ಅಚ್ಚಿಗೆ ಕಳುಹಿಸುವ ಮೊದಲು, ಹೆಸರುಗಳ ಪಟ್ಟಿಯನ್ನು ಕಾರ್ಯಕಾರಿ ಸಮಿತಿಗಳು ಮತ್ತೊಮ್ಮೆ ಈ ದೃಷ್ಟಿಯಿಂದ ನೋಡುವುದು ಒಳಿತು.